ಬ್ಲಾಟೆನ್ ಹಳ್ಳಿ ಮತ್ತು ಲೋಚೆನ್‌ಟಾಲ್ ಕಣಿವೆ: ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಮೇ 28ರ ಮಧ್ಯಾಹ್ನ ಸ್ವಿಟ್ಜರ್ಲೆಂಡಿನ ಬ್ಲಾಟೆನ್ ಎಂಬ ಹಳ್ಳಿ ಬಂಡೆ, ಮಣ್ಣು, ಮಂಜುಗಡ್ಡೆಯ ಕೆಳಗೆ ಹೂತುಹೋಯಿತು. ಆ ವಿಡಿಯೊ ನಮ್ಮವರ ಮೊಬೈಲುಗಳಲ್ಲೂ ಓಡಾಡಿತು. ಊರು ಹೋದ ಬಗೆಯನ್ನು ಬಹಳ ಜನ ನೋಡಿದರು. ಅದು ಬದುಕಿದ್ದ ಬಗೆ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಹಾಗಾಗಿ ಇಲ್ಲಿ ಮೊದಲು ಬದುಕಿನ ಪ್ರಶ್ನೆಗಳು, ಆಮೇಲೆ ಕುಸಿತದ್ದು.

ಬ್ಲಾಟೆನ್ ಎಲ್ಲಿದೆ?

ದಕ್ಷಿಣ ಸ್ವಿಟ್ಜರ್ಲೆಂಡಿನ ವಾಲಿಸ್ ರಾಜ್ಯದಲ್ಲಿ. ಅಲ್ಲಿನ ಫ್ರೆಂಚ್ ಮಾತಾಡುವವರು ಇದೇ ರಾಜ್ಯವನ್ನು ವಾಲೆ ಅನ್ನುತ್ತಾರೆ. ರಾಜ್ಯದ ಜರ್ಮನ್ ಮಾತಾಡುವ ಭಾಗದಲ್ಲಿ ಲೋಚೆನ್‌ಟಾಲ್ ಎಂಬ ಉದ್ದನೆಯ ಕಣಿವೆ ಇದೆ. ಅದರೊಳಗೆ ನಾಲ್ಕು ಪಂಚಾಯಿತಿಗಳು: ಕೆಳಗಿನಿಂದ ಮೇಲಕ್ಕೆ ಫೆರ್ಡೆನ್, ಕಿಪ್ಪೆಲ್, ವೀಲರ್, ಬ್ಲಾಟೆನ್. ಕೊನೆಯದೇ ಬ್ಲಾಟೆನ್, ಸುಮಾರು 1,540 ಮೀಟರ್ ಎತ್ತರದಲ್ಲಿ. ಅಲ್ಲಿಂದ ಮುಂದೆ ಬೇಸಿಗೆಯ ಹುಲ್ಲುಗಾವಲು, ಅದರಾಚೆ ಹಿಮನದಿ. ಕಣಿವೆಯ ನಡುವೆ ಹರಿಯುವ ನದಿ ಲೋನ್ಜಾ. ಅದು ಕೆಳಗಿಳಿದು ರೋನ್ ನದಿಗೆ ಸೇರುತ್ತದೆ. ಕಣಿವೆಗೆಲ್ಲಾ ಕಾಣುವ ಬೆಟ್ಟ ಬೀಚ್‌ಹಾರ್ನ್, 3,934 ಮೀಟರ್.

ಹಿಂದಿ ಸಿನಿಮಾದ ಹಾಡುಗಳ ಶೂಟಿಂಗ್ ಆಗುತ್ತಿದ್ದುದು ಇಲ್ಲೇನಾ?

ಅಲ್ಲ. ಅದು ಹೆಚ್ಚಾಗಿ ಆಲ್ಪ್ಸ್ ಸಾಲಿನ ಆಚೆ ಬದಿಗೆ, ಬರ್ನ್ ರಾಜ್ಯದ ಗ್ಸ್ಟಾಡ್, ಇಂಟರ್‌ಲಾಕೆನ್ ಕಡೆ. ಇಂಟರ್‌ಲಾಕೆನ್‌ನಲ್ಲಿ ಯಶ್ ಚೋಪ್ರಾ ಅವರ ಪ್ರತಿಮೆಯೂ ಇದೆ. ಲೋಚೆನ್‌ಟಾಲ್‌ಗೆ ಆ ಭಾಗ್ಯ ಬರಲಿಲ್ಲ. ಸುಮ್ನೆ ಹೇಳಬೇಕೆಂದರೆ, ಬರದಿದ್ದದ್ದೇ ಒಳ್ಳೆಯದಾಯಿತು.

ಊರು ಎಷ್ಟು ಹಳೆಯದು?

ಬ್ಲಾಟೆನ್ ಹೆಸರು ದಾಖಲೆಯಲ್ಲಿ ಮೊದಲು ಸಿಗುವುದು 1433ರಲ್ಲಿ. ಆದರೆ ಜನರ ಓಡಾಟ ಅದಕ್ಕಿಂತ ಎಷ್ಟೋ ಹಳೆಯದು. ಕಣಿವೆಯಿಂದ ಉತ್ತರಕ್ಕೆ ದಾಟುವ ಲೋಚೆನ್ ಕಣಿವೆದಾರಿ ಸುಮಾರು 2,690 ಮೀಟರ್ ಎತ್ತರದಲ್ಲಿದೆ. ಕಿಪ್ಪೆಲ್‌ನಲ್ಲಿ ನೆಲೆಸಿದ್ದ ಚಿತ್ರಕಾರ ಆಲ್ಬರ್ಟ್ ನ್ಯೂಫೆಲರ್‌ಗೆ 1930 ಮತ್ತು 40ರ ದಶಕಗಳಲ್ಲಿ ಅಲ್ಲಿ ಕರಗುತ್ತಿದ್ದ ಹಿಮದ ಅಂಚಿನಲ್ಲಿ ಮರದ ಬಿಲ್ಲುಗಳು ಸಿಕ್ಕಿದವು. ಅವು ಕಂಚಿನ ಯುಗದವು ಎಂದು ಆಮೇಲೆ ಗೊತ್ತಾಯಿತು. ಅದೇ ದಾರಿಯಲ್ಲಿ 1419ರಲ್ಲಿ ಬರ್ನ್‌ನವರಿಗೂ ವಾಲಿಸ್‌ನವರಿಗೂ ಕಾದಾಟ ನಡೆದಿತ್ತು. ಇವತ್ತು ಅಲ್ಲಿ ಚಾರಣಿಗರು ಸೂಪ್ ಕುಡಿಯುತ್ತಾ ಕೂತಿರುತ್ತಾರೆ.

ಸ್ವಿಟ್ಜರ್ಲೆಂಡ್ ಅಂದರೆ ಮೊದಲಿನಿಂದಲೂ ಪ್ರಜೆಗಳ ಆಡಳಿತ ಅಲ್ವಾ?

ಈ ಕಣಿವೆಗೆ ಆ ಮಾತು ಒಪ್ಪುವುದಿಲ್ಲ. ಮೊದಲು ಇಲ್ಲಿ ಪಾಳೆಯಗಾರರಂಥ ದೊರೆ ಮನೆತನದ ಆಳ್ವಿಕೆ ಇತ್ತು. ಅವರು ಹೋದ ಮೇಲೆ ಸ್ವಾತಂತ್ರ್ಯ ಬರಲಿಲ್ಲ. ರೋನ್ ಕಣಿವೆಯ ಐದು ಮೇಲಿನ ಜಿಲ್ಲೆಗಳು ಒಟ್ಟಾಗಿ ಲೋಚೆನ್‌ಟಾಲ್‌ನ ಒಡೆಯರಾದವು. ತಾವು ಸ್ವತಂತ್ರರೆಂದು ಹೆಮ್ಮೆ ಪಡುತ್ತಿದ್ದ ರೈತರೇ ಪಕ್ಕದ ಕಣಿವೆಯ ರೈತರನ್ನು ಶತಮಾನಗಳ ಕಾಲ ಆಳಿದರು. 1790ರಲ್ಲಿ ಕಣಿವೆಯ ಜನ ಹಣ ಕೊಟ್ಟು ಬಿಡುಗಡೆ ಪಡೆದರು. ವಾಲಿಸ್ ಸ್ವಿಸ್ ಒಕ್ಕೂಟಕ್ಕೆ ಸೇರಿದ್ದು 1815ರಲ್ಲಿ.

ಇನ್ನು ಹೆಂಗಸರ ಮತದಾನ. ದೇಶಮಟ್ಟದಲ್ಲಿ ಅದು ಸಿಕ್ಕಿದ್ದು 1971ರಲ್ಲಿ. ಹೌದು, 1971. ಆದರೆ ಇದೇ ವಾಲಿಸ್‌ನ ಉಂಟರ್‌ಬೆಖ್ ಎಂಬ ಪುಟ್ಟ ಹಳ್ಳಿ 1957ರಲ್ಲೇ, ಮೇಲಿನವರ ಮಾತು ಕೇಳದೆ, ತನ್ನ ಹೆಂಗಸರ ಕೈಗೆ ಮತಪತ್ರ ಕೊಟ್ಟಿತ್ತು. ಆ ಮತಗಳನ್ನು ಸರ್ಕಾರ ಲೆಕ್ಕಕ್ಕೆ ಹಿಡಿಯಲಿಲ್ಲ. ಬೆಟ್ಟದ ಹಳ್ಳಿ ಅಂದರೆ ಹಳೇ ಕಾಲದ ಮನಸ್ಸು ಎಂದುಕೊಳ್ಳುವವರು ಇದನ್ನು ನೆನಪಿಡಬೇಕು.

ಅವರು ಯಾವ ಮಾತು ಆಡುತ್ತಾರೆ?

ಜರ್ಮನ್. ಆದರೆ ಬರ್ಲಿನ್‌ನಿಂದ ಬಂದವರಿಗೆ ಅರ್ಥವಾಗದ ಜರ್ಮನ್. ಜ್ಯೂರಿಕ್‌ನವರೂ ಕಿವಿ ನಿಮಿರಿಸಿ ಕೇಳಬೇಕಾಗುತ್ತದೆ. ಶಾಲೆಯಲ್ಲಿ, ಪತ್ರಿಕೆಯಲ್ಲಿ ಶಿಷ್ಟ ಜರ್ಮನ್. ಮನೆಯಲ್ಲಿ, ಅಂಗಡಿಯಲ್ಲಿ ಕಣಿವೆಯ ಮಾತು.

ಹಿಂದೆ ಅವರ ಊಟ ಏನಿತ್ತು?

ರೈ ಧಾನ್ಯದ ರೊಟ್ಟಿ, ಚೀಸ್, ಹಾಲು, ಬೆಣ್ಣೆ. ಮಾಂಸ ಅಪರೂಪ. ಇಷ್ಟು ಎತ್ತರದಲ್ಲಿ ಗೋಧಿ ಸರಿಯಾಗಿ ಬರುವುದಿಲ್ಲ, ರೈ ಬರುತ್ತದೆ. ಊರಿಗೆಲ್ಲಾ ಸೇರಿ ಒಂದು ಒಲೆಮನೆ ಇರುತ್ತಿತ್ತು. ವರ್ಷಕ್ಕೆ ಎರಡೋ ಮೂರೋ ಸಲ ಅದಕ್ಕೆ ಬೆಂಕಿ ಹಾಕುತ್ತಿದ್ದರು. ಸರದಿಯಂತೆ ಎಲ್ಲ ಮನೆಯವರೂ ತಿಂಗಳುಗಟ್ಟಲೆ ಸಾಕಾಗುವಷ್ಟು ರೊಟ್ಟಿ ಸುಟ್ಟುಕೊಳ್ಳುತ್ತಿದ್ದರು. ಆ ರೊಟ್ಟಿ ಒಣಗಿ ಕಲ್ಲಾಗುತ್ತಿತ್ತು, ಆದರೆ ಕೆಡುತ್ತಿರಲಿಲ್ಲ. ಈಗಲೂ ವಾಲಿಸ್‌ನ ರೈ ರೊಟ್ಟಿಗೆ ಹೆಸರಿದೆ, ಮೂಲಸ್ಥಳದ ಗುರುತಿನ ರಕ್ಷಣೆಯೂ ಇದೆ.

1930ರ ದಶಕದ ಆರಂಭದಲ್ಲಿ ವೆಸ್ಟನ್ ಪ್ರೈಸ್ ಎಂಬ ಅಮೆರಿಕದ ಹಲ್ಲಿನ ವೈದ್ಯರು ಇಲ್ಲಿಗೆ ಬಂದಿದ್ದರು. ಕಣಿವೆಯ ಮಕ್ಕಳ ಬಾಯಿ ತೆರೆಸಿ ನೋಡಿದರು. ಹುಳುಕು ಹಲ್ಲು ತೀರಾ ಕಡಿಮೆ ಇತ್ತು. ಕಾರಣ ರೈ ರೊಟ್ಟಿ ಮತ್ತು ಬೇಸಿಗೆಯ ಹುಲ್ಲು ಮೇಯ್ದ ಹಸುವಿನ ಹಾಲು ಎಂದು ಬರೆದರು. ಇವತ್ತಿಗೂ ಆಹಾರದ ಬಗ್ಗೆ ಉಪದೇಶ ಮಾಡುವವರು ಲೋಚೆನ್‌ಟಾಲ್ ಹೆಸರು ಎತ್ತುವುದುಂಟು. ಸ್ವಲ್ಪ ಹುಷಾರಾಗಿ ಕೇಳಬೇಕು. ಸಕ್ಕರೆ ಕೊಳ್ಳಲು ಕೈಯಲ್ಲಿ ಕಾಸಿಲ್ಲದ ಬಡತನವನ್ನು ಆರೋಗ್ಯದ ಗುಟ್ಟು ಎಂದು ಮಾರುವುದು ಸುಲಭ.

ಫೋಟೊಗಳಲ್ಲಿ ಕಪ್ಪು ಮರದ ಮನೆಗಳು ಕಾಣುತ್ತವೆ. ಸುಟ್ಟ ಹಾಗೆ ಯಾಕಿವೆ?

ಸುಟ್ಟದ್ದಲ್ಲ, ಬಿಸಿಲು. ಗೋಡೆಗೆ ಬಳಸುವುದು ಲಾರ್ಚ್ ಮರ. ಬಣ್ಣ ಬಳಿಯದೆ ಬಿಟ್ಟರೆ ನೂರಾರು ವರ್ಷದ ಬಿಸಿಲಿಗೆ ಕಂದಾಗಿ ಆಮೇಲೆ ಕಪ್ಪಾಗುತ್ತದೆ. ಧಾನ್ಯ ಇಡುವ ಕಣಜಗಳು ಇನ್ನೂ ಚೆನ್ನ. ನಾಲ್ಕು ಗಿಡ್ಡ ಕಾಲುಗಳು, ಪ್ರತಿ ಕಾಲಿನ ಮೇಲೆ ಅಗಲವಾದ ದುಂಡು ಕಲ್ಲಿನ ಚಪ್ಪಡಿ, ಅದರ ಮೇಲೆ ಕಣಜ. ಕಾಲು ಹತ್ತಿ ಬಂದ ಇಲಿ ಚಪ್ಪಡಿಯ ಅಂಚು ದಾಟಲಾಗದೆ ವಾಪಸ್ ಹೋಗಬೇಕು.

ಮರದ ಊರಿಗೆ ಬೆಂಕಿಯ ಭಯ ಇದ್ದೇ ಇದೆ. 1900ರ ಜೂನ್‌ನಲ್ಲಿ ಪಕ್ಕದ ವೀಲರ್ ಹಳ್ಳಿ ಸುಟ್ಟುಹೋಯಿತು. ಮತ್ತೆ ಕಟ್ಟಿದರು.

ಹಸು ಸಾಕುವ ಕ್ರಮ ಹೇಗೆ?

ಹುಲ್ಲಿನ ಹಿಂದೆ ಮನುಷ್ಯರೂ ಮೇಲೆ ಕೆಳಗೆ ಓಡಾಡುವುದೇ ಇಲ್ಲಿನ ಬೇಸಾಯ. ಚಳಿಗಾಲದಲ್ಲಿ ಹಸುಗಳು ಊರಿನ ಕೊಟ್ಟಿಗೆಯಲ್ಲಿ. ಹಿಮ ಕರಗಿದಂತೆ ಸ್ವಲ್ಪ ಮೇಲಿನ ಹುಲ್ಲಿಗೆ. ನಡು ಬೇಸಿಗೆಯಲ್ಲಿ, ಮರ ಬೆಳೆಯುವುದು ನಿಲ್ಲುವ ಎತ್ತರದ ಆಸುಪಾಸಿನ ಹುಲ್ಲುಗಾವಲಿಗೆ, ಅಂದರೆ ಆಲ್ಪ್‌ಗೆ. ಶರತ್ಕಾಲದಲ್ಲಿ ಮತ್ತೆ ಕೆಳಕ್ಕೆ. ಬ್ಲಾಟೆನ್‌ನ ಮೇಲಿರುವ ಫಾಫ್ಲರ್‌ಆಲ್ಪ್ ಇಂಥದ್ದೇ ಒಂದು ಜಾಗ.

ಸ್ವಿಟ್ಜರ್ಲೆಂಡಿನ ಬಹಳ ಕಡೆ ಆಲ್ಪ್ ಅಂದರೆ ಗಂಡಸರ ರಾಜ್ಯ: ಸಂಬಳದ ದನಗಾಹಿ, ಚೀಸ್ ಮಾಡುವವ, ಒಬ್ಬ ಹುಡುಗ. ಲೋಚೆನ್‌ಟಾಲ್‌ನಲ್ಲಿ ಹಾಗಿರಲಿಲ್ಲ. ಮನೆಮನೆಗೂ ಮೇಲೆ ಸ್ವಂತ ಗುಡಿಸಲು ಇರುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿಗೆ ಹೋಗುತ್ತಿದ್ದವರು ಹೆಂಗಸರು ಮತ್ತು ಮಕ್ಕಳು. ಹಾಲು ಕರೆಯುವುದು, ಬೆಣ್ಣೆ ಕಡೆಯುವುದು, ಚೀಸ್ ಮಾಡುವುದು ಎಲ್ಲ ಅವರದೇ. ಗಂಡಸರು ಕೆಳಗೆ ಕಡಿದಾದ ಇಳಿಜಾರಿನಲ್ಲಿ ಕುಡುಗೋಲು ಹಿಡಿದು ಹುಲ್ಲು ಕೊಯ್ದು ಒಣಗಿಸುತ್ತಿದ್ದರು. ಆ ಒಣಹುಲ್ಲಿನ ಮೇಲೆ ಚಳಿಗಾಲವೆಲ್ಲಾ ನಿಂತಿತ್ತು. ಎಷ್ಟು ಹುಲ್ಲು ಕೂಡಿಸಿದೆ ಎನ್ನುವುದರ ಮೇಲೆ ಎಷ್ಟು ಹಸು ಉಳಿಸಿಕೊಳ್ಳಬಹುದು ಎಂಬ ಲೆಕ್ಕ.

ಹಳೇ ಗುಡಿಸಲುಗಳಲ್ಲಿ ಎಷ್ಟೋ ಈಗ ರಜೆಯ ಮನೆಗಳು. ಹಸುಗಳಿವೆ, ಆದರೆ ಪ್ರತಿ ಮನೆಯಲ್ಲೂ ಇಲ್ಲ.

ಆಸ್ತಿ ಹಿರಿಮಗನಿಗೆ ಹೋಗುತ್ತಿತ್ತಾ?

ಇಲ್ಲ. ವಾಲಿಸ್‌ನಲ್ಲಿ ಹೆಣ್ಣುಮಕ್ಕಳೂ ಸೇರಿ ಎಲ್ಲರಿಗೂ ಸಮಪಾಲು. ಕೇಳಲು ಚೆಂದ. ಆದರೆ ನಾಲ್ಕು ತಲೆಮಾರು ಹೀಗೆ ಹಂಚಿದರೆ ಒಬ್ಬನ ಜಮೀನು ಹತ್ತಾರು ಕಡೆ ಚೂರು ಚೂರಾಗಿ ಬಿದ್ದಿರುತ್ತದೆ. ಒಂದೇ ಮನೆಯ ಮಹಡಿಗಳು ಬೇರೆ ಬೇರೆ ಕುಟುಂಬದ್ದು. ಕಣಜದಲ್ಲಿ ಪಾಲು, ಕೊಟ್ಟಿಗೆಯಲ್ಲಿ ಪಾಲು. ವಾಲಿಸ್‌ನಲ್ಲಿ ಒಂದು ಹಸುವಿಗೂ ಇಬ್ಬರು ಮೂವರು ಪಾಲುದಾರರು ಇರುತ್ತಿದ್ದರು. ನಮ್ಮಲ್ಲಿ ಪಾಲಿನ ಗಲಾಟೆ ನೋಡಿದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ.

ಹಾಗಾದರೆ ಊರಿಗೆ ಸೇರಿದ್ದು ಏನು?

ಬಹಳಷ್ಟು. ಕಾಡು, ಎತ್ತರದ ಹುಲ್ಲುಗಾವಲು, ನೀರಿನ ಕಾಲುವೆ, ಒಲೆಮನೆ. ಆಲ್ಪ್‌ನಲ್ಲಿ ಹಕ್ಕಿರುವವರೆಲ್ಲ ಸೇರಿ ಒಂದು ಕೂಟ. ಯಾರು ಎಷ್ಟು ಹಸು ಬಿಡಬಹುದು, ಬೇಲಿ ಕೆಲಸಕ್ಕೆ ಎಷ್ಟು ದಿನ ಬರಬೇಕು, ಕಲ್ಲು ಯಾರು ಆಯಬೇಕು ಎಂಬುದೆಲ್ಲ ಅಲ್ಲೇ ತೀರ್ಮಾನ. ಪಾಲು ತಂದ ಒಡಕನ್ನು ಈ ಕೂಟಗಳು ಸರಿದೂಗಿಸುತ್ತಿದ್ದವು ಅನ್ನಿಸುತ್ತದೆ. ಜಗಳವಾಡಿದ ಅಣ್ಣತಮ್ಮಂದಿರೂ ಮರುದಿನ ಒಂದೇ ಕಾಲುವೆ ರಿಪೇರಿಗೆ ಬರಲೇಬೇಕಿತ್ತು.

ಫೆರ್ಡೆನ್‌ನ ಈಸ್ಟರ್ ದಾನ ಇದಕ್ಕೆ ಒಳ್ಳೆಯ ಉದಾಹರಣೆ. ಜುಲೈನಲ್ಲಿ ಗೊತ್ತಾದ ದಿನಗಳಂದು ಅಲ್ಲಿನ ಮೂರು ಆಲ್ಪ್‌ಗಳ ಹಾಲನ್ನು ಯಾರೂ ಮನೆಗೆ ಒಯ್ಯುವಂತಿಲ್ಲ. ಅದರಿಂದ ಸೀಗರ್ ಎಂಬ ಬಿಳಿ ಚೀಸ್ ಮಾಡಿ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಈಸ್ಟರ್ ಮರುದಿನ ಸೋಮವಾರ ರೊಟ್ಟಿ, ವೈನ್ ಜೊತೆ ಹಂಚುತ್ತಾರೆ. ಅಷ್ಟು ದಿನ ಕೂತ ಚೀಸ್ ವಾಸನೆ ಹೊಸಬರಿಗೆ ಸ್ವಲ್ಪ ಕಷ್ಟವೇ. ಕಥೆ ಹೀಗಿದೆ: ಹಿಂದೆ ಪ್ರೇತಗಳ ಕಾಟದಿಂದ ಆಲ್ಪ್‌ನಲ್ಲಿ ದನ ಸಾಯುತ್ತಿದ್ದವು. ಬಡವರಿಗೆ ದಾನ ಮಾಡುತ್ತೇವೆ ಎಂದು ಹರಕೆ ಹೊತ್ತ ಮೇಲೆ ಕಾಟ ನಿಂತಿತು. ಈಗ ಅಲ್ಲಿ ಬಡವರಿಲ್ಲ. ಆದರೂ ಹರಕೆ ಬಿಟ್ಟಿಲ್ಲ.

ಆ ಭಯಂಕರ ಮುಖವಾಡಗಳು ಏನು?

ಚೆಗ್ಗೆಟ್ಟೆ. ಕಣಿವೆಗೆ ಹೊರಗಡೆ ಹೆಸರು ತಂದದ್ದೇ ಇವು. ಫೆಬ್ರವರಿ ಆರಂಭದಲ್ಲಿ ಬರುವ ಕ್ಯಾಂಡಲ್‌ಮಸ್ ಹಬ್ಬದ ಮರುದಿನ ಶುರು. ಕ್ರೈಸ್ತರ ನಲವತ್ತು ದಿನದ ಉಪವಾಸಕ್ಕೆ ಮುಂಚಿನ ಮಂಗಳವಾರದ ತನಕ ಇರುತ್ತದೆ. ಪೈನ್ ಜಾತಿಯ ಮರ ಕೆತ್ತಿ ಮಾಡಿದ ದೊಡ್ಡ ಮುಖವಾಡ, ಸೊಟ್ಟ ಬಾಯಿ. ಕೆಲವಕ್ಕೆ ಹಸುವಿನ ನಿಜವಾದ ಹಲ್ಲು ಕೂರಿಸಿರುತ್ತಾರೆ. ಮೈಗೆ ಹಿಂದೆ ಮುಂದೆ ಆಡು ಕುರಿಗಳ ಚರ್ಮ, ಸೊಂಟಕ್ಕೆ ದನದ ಗಂಟೆ. ಸಂಜೆ ದಾರಿಯಲ್ಲಿ ಸಿಕ್ಕವರನ್ನು ಹಿಡಿದು ಮುಖಕ್ಕೆ ಹಿಮ ಉಜ್ಜುತ್ತಾರೆ.

ಸೋಮನ ಕುಣಿತ ನೋಡಿದವರಿಗೆ ಮುಖವಾಡದ ಗಾತ್ರ ಹೊಸದೆನ್ನಿಸದು. ಆದರೆ ಸೋಮ ಗ್ರಾಮದೇವತೆಯ ಪರಿವಾರದವನು, ಅವನಿಗೆ ಪೂಜೆ ಇದೆ. ಚೆಗ್ಗೆಟ್ಟೆಗೆ ಪೂಜೆಯೂ ಇಲ್ಲ, ಹಾಡೂ ಇಲ್ಲ. ಹೆದರಿಸುವುದೇ ಕೆಲಸ. ಚರ್ಚಿನವರಿಗೆ ಇದು ಯಾವತ್ತೂ ಅಷ್ಟಾಗಿ ಹಿಡಿಸಲಿಲ್ಲ. ಹಿಂದೆ ಮದುವೆಯಾಗದ ಹುಡುಗರು ಮಾತ್ರ ವೇಷ ಹಾಕುತ್ತಿದ್ದರು. ಈಗ ಮದುವೆಯಾದವರೂ, ಹೆಂಗಸರೂ, ಮಕ್ಕಳೂ ಹಾಕುತ್ತಾರೆ.

ಮೂಲ ಏನು ಅಂದರೆ ಕಥೆಗಳು ಬಹಳ. ನದಿಯಾಚೆಯ ನೆರಳು ಬದಿಯಲ್ಲಿ ಕಳ್ಳರಿದ್ದರು, ಆಡಿನ ಚರ್ಮ ಹೊದ್ದು ರಾತ್ರಿ ಊರಿಗೆ ನುಗ್ಗುತ್ತಿದ್ದರು, ಅವರ ನೆನಪೇ ಇದು ಎನ್ನುವುದು ಜನಪ್ರಿಯ ಕಥೆ. ಚಳಿಗಾಲವನ್ನು ಓಡಿಸುವ ಆಚರಣೆ ಎಂದು ಪ್ರವಾಸಿ ಕರಪತ್ರಗಳು ಹೇಳುತ್ತವೆ. ಎರಡಕ್ಕೂ ಗಟ್ಟಿ ಆಧಾರ ಇಲ್ಲ. ಉದ್ದ ಚಳಿಗಾಲದಲ್ಲಿ ಕೆಲಸವಿಲ್ಲದ ಹುಡುಗರು ಊರ ಹುಡುಗಿಯರನ್ನು ಹೆದರಿಸಲು ಹೊರಟರು ಎಂದರೂ ನಾನು ನಂಬುತ್ತೇನೆ. ಹಳೇ ಮುಖವಾಡ ನೋಡಬೇಕಾದರೆ ಕಿಪ್ಪೆಲ್‌ನ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು.

ಅಷ್ಟೊಂದು ಪ್ರೇತಗಳ ಕಥೆ, ಆದರೂ ಕ್ಯಾಥೊಲಿಕ್ ಊರಾ?

ಗಟ್ಟಿ ಕ್ಯಾಥೊಲಿಕ್. ಕಾರ್ಪಸ್ ಕ್ರಿಸ್ಟಿ ಹಬ್ಬದ ಮೆರವಣಿಗೆಯಲ್ಲಿ ಗಂಡಸರು ನೆಪೋಲಿಯನ್ ಕಾಲದ ಮಾದರಿಯ ಸಿಪಾಯಿ ಉಡುಪು ತೊಟ್ಟು ನಡೆಯುತ್ತಾರೆ. ಅವರನ್ನು ದೇವರ ಸಿಪಾಯಿಗಳು ಅನ್ನುತ್ತಾರೆ. ಆ ಉಡುಪಿನ ಹಿಂದೆ ಬಡತನದ ಚರಿತ್ರೆ ಇದೆ. ಜಮೀನು ಸಾಲದ ಹುಡುಗರು ಪರದೇಶದ ರಾಜರ ಸೈನ್ಯಗಳಿಗೆ ಕೂಲಿ ಸಿಪಾಯಿಗಳಾಗಿ ಹೋಗುತ್ತಿದ್ದರು. ಉಳಿದು ಬಂದವರು ಸಮವಸ್ತ್ರ ತಂದರು.

ಕಣಿವೆಗೆ ರೈಲು ಬಂದದ್ದು ಯಾವಾಗ?

1913ರಲ್ಲಿ, ಲೋಚ್‌ಬರ್ಗ್ ಸುರಂಗದೊಂದಿಗೆ. ಅದಕ್ಕೂ ಮುಂಚೆ ಹೊರಗೆ ಹೋಗಲು ಲೋನ್ಜಾ ಕೊರಕಲಿನ ಕಾಲುದಾರಿ, ಇಲ್ಲವೇ ಹಿಮದ ಮೇಲಿನ ಕಣಿವೆದಾರಿ. ಸುರಂಗದ ಉದ್ದ ಸುಮಾರು 14.6 ಕಿಲೋಮೀಟರ್. ಕಣಿವೆಯ ಬಾಯಲ್ಲಿರುವ ಗೊಪ್ಪೆನ್‌ಸ್ಟೈನ್‌ನಲ್ಲಿ ಅದರ ದಕ್ಷಿಣದ ತುದಿ.

ತೋಡಿದವರಲ್ಲಿ ಹೆಚ್ಚಿನವರು ಇಟಲಿಯ ಕೂಲಿಗಳು. 1908ರ ಫೆಬ್ರವರಿ 29ರಂದು ಗೊಪ್ಪೆನ್‌ಸ್ಟೈನ್‌ನಲ್ಲಿ ಹಿಮಕುಸಿತಕ್ಕೆ 12 ಜನ ಸತ್ತರು. ಅದೇ ವರ್ಷ ಜುಲೈ 24ರಂದು ಉತ್ತರ ತುದಿಯಿಂದ ತೋಡುತ್ತಿದ್ದವರು ಮೇಲಿನ ಕಣಿವೆಯ ಸಡಿಲ ಮಣ್ಣಿಗೆ ಬಾಯಿ ತೆಗೆದರು. ನೀರು, ಕೆಸರು, ಜಲ್ಲಿ ನುಗ್ಗಿ 25 ಜನ ಸತ್ತರು. ಆ ಭಾಗವನ್ನು ಮುಚ್ಚಿ ಸುರಂಗವನ್ನು ಬಳಸುದಾರಿಯಲ್ಲಿ ಒಯ್ಯಬೇಕಾಯಿತು. ಇವತ್ತು ಆ ರೈಲಿನಲ್ಲಿ ಕೂತವರಿಗೆ ತಿರುವು ಗೊತ್ತೂ ಆಗುವುದಿಲ್ಲ. 2007ರಲ್ಲಿ ಇದರ ಕೆಳಗೆ 34.6 ಕಿಲೋಮೀಟರ್‌ನ ಹೊಸ ಸುರಂಗ ಬಂತು. ವೇಗದ ರೈಲುಗಳು ಈಗ ಅದರಲ್ಲಿ.

ಈಗ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ?

ಬರೀ ಹಸು ನಂಬಿ ಬದುಕುವವರು ಕೆಲವೇ ಮಂದಿ. ಬೆಟ್ಟದ ರೈತರಿಗೆ ಸರ್ಕಾರದ ನೇರ ಹಣಸಹಾಯ ಇದೆ, ಅದಿಲ್ಲದಿದ್ದರೆ ಅವರೂ ಇರುತ್ತಿರಲಿಲ್ಲ. ಉಳಿದವರು ಹೋಟೆಲ್, ಮರಗೆಲಸ, ಸ್ಕೀ ಲಿಫ್ಟ್, ಶಾಲೆ. ಬಹಳ ಜನ ಬೆಳಗ್ಗೆ ಎದ್ದು ರೋನ್ ಕಣಿವೆಯ ಕಾರ್ಖಾನೆಗಳಿಗೆ ಇಳಿಯುತ್ತಾರೆ, ಸಂಜೆ ಹತ್ತಿ ಬರುತ್ತಾರೆ.

ಇಲ್ಲೊಂದು ಸಂಗತಿ ನಿಮಗೂ ಹತ್ತಿರದ್ದೇ. 1897ರಲ್ಲಿ ಕಣಿವೆಯ ಕೆಳಗಿನ ಗಾಂಪೆಲ್‌ನಲ್ಲಿ ಲೋನ್ಜಾ ನದಿಯ ನೀರಿನಿಂದ ವಿದ್ಯುತ್ ತೆಗೆದು ಒಂದು ಕಂಪನಿ ಶುರುವಾಯಿತು. ನದಿಯ ಹೆಸರನ್ನೇ ಇಟ್ಟುಕೊಂಡಿತು. ಆಮೇಲೆ ಫಿಸ್ಪ್ ಊರಿನಲ್ಲಿ ದೊಡ್ಡ ಕಾರ್ಖಾನೆ ಕಟ್ಟಿತು. ಕೋವಿಡ್ ಕಾಲದಲ್ಲಿ ಮಾಡರ್ನಾ ಲಸಿಕೆಯ ಮುಖ್ಯ ಪದಾರ್ಥ ತಯಾರಾದ ಜಾಗಗಳಲ್ಲಿ ಅದೂ ಒಂದು.

2025ರಲ್ಲಿ ನಿಜವಾಗಿ ಏನಾಯಿತು?

ಬ್ಲಾಟೆನ್‌ನ ಎದುರು ಮೇಲುಗಡೆ ಕ್ಲೈನೆಸ್ ನೆಸ್ಟ್‌ಹಾರ್ನ್ ಎಂಬ ಶಿಖರ. ಅದರ ಬುಡದಲ್ಲಿ ಬಿರ್ಚ್ ಹಿಮನದಿ. ಆಲ್ಪ್ಸ್‌ನ ಹಿಮನದಿಗಳೆಲ್ಲ ಹಿಂದೆ ಸರಿಯುತ್ತಿದ್ದರೆ ಇದೊಂದು ಮುಂದಕ್ಕೆ ಬರುತ್ತಿತ್ತು. ತಜ್ಞರು ಇದರ ಮೇಲೆ 1990ರ ದಶಕದಿಂದಲೂ ಕಣ್ಣಿಟ್ಟಿದ್ದರು.

ಮೇ ತಿಂಗಳಲ್ಲಿ ಶಿಖರದ ಬಂಡೆ ಬಿರುಕು ಬಿಟ್ಟು ಉದುರತೊಡಗಿತು. ಉದುರಿದ್ದೆಲ್ಲ ಹಿಮನದಿಯ ಬೆನ್ನ ಮೇಲೆ ಬಿತ್ತು, ಲಕ್ಷಾಂತರ ಟನ್. ಭಾರಕ್ಕೆ ಹಿಮನದಿ ಜಾರುವ ವೇಗ ದಿನಕ್ಕೆ ಮೀಟರ್‌ಗಟ್ಟಲೆ ಏರಿತು. ಮೇ 17ರಂದು ಊರಿನ ಒಂದು ಭಾಗವನ್ನು, ಮೇ 19ರಂದು ಉಳಿದವರನ್ನೂ ತೆರವು ಮಾಡಿದರು. ಒಟ್ಟು ಸುಮಾರು 300 ಜನ. ದನಕುರಿಗಳನ್ನೂ ಕೆಳಗೆ ಸಾಗಿಸಿದರು. ಗಾಯಗೊಂಡಿದ್ದ ಒಂದು ಹಸುವನ್ನು ಹೆಲಿಕಾಪ್ಟರ್‌ಗೆ ನೇತುಹಾಕಿ ಒಯ್ದ ಫೋಟೊ ಎಲ್ಲ ಕಡೆ ಹರಿದಾಡಿತು.

ಮೇ 28ರ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಹಿಮನದಿ ಪೂರ್ತಿ ಕಳಚಿ ಬಿತ್ತು. ಭೂಕಂಪ ಮಾಪಕಗಳಲ್ಲೂ ದಾಖಲಾಯಿತು. ಊರಿನ ನೂರಕ್ಕೆ ಸುಮಾರು 90 ಭಾಗ ಮುಚ್ಚಿಹೋಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಬಿದ್ದ ರಾಶಿ ಲೋನ್ಜಾ ನದಿಗೆ ಅಡ್ಡಗಟ್ಟೆಯಾಯಿತು. ಅದರ ಹಿಂದೆ ನೀರು ನಿಂತು ಕೆರೆಯಾಯಿತು. ಕುಸಿತದಿಂದ ಪಾರಾದ ಕೆಲವು ಮನೆಗಳು ಮರುದಿನ ನೀರಲ್ಲಿ ಮುಳುಗಿದವು. ಕಟ್ಟೆ ಒಡೆದರೆ ಕೆಳಗಿನ ಊರುಗಳ ಗತಿ ಏನು ಎಂದು ಫೆರ್ಡೆನ್‌ನ ಜಲಾಶಯವನ್ನು ಖಾಲಿ ಮಾಡಿ ಕಾದರು. ಪುಣ್ಯಕ್ಕೆ ನದಿ ನಿಧಾನವಾಗಿ ತಾನೇ ದಾರಿ ಕೊರೆದುಕೊಂಡಿತು.

ಯಾರೂ ಸಾಯಲಿಲ್ಲ ಅಂತಾರೆ, ನಿಜವಾ?

ಒಬ್ಬರು ಸತ್ತರು. ಸ್ಥಳೀಯರೇ. ತೆರವು ಮಾಡಿದ ಪ್ರದೇಶದ ಹೊರಗಿದ್ದರು. ಮೊದಲು ನಾಪತ್ತೆ ಎಂದಿತ್ತು, ವಾರಗಳ ಮೇಲೆ ಅವಶೇಷ ಸಿಕ್ಕಿತು. "ಒಬ್ಬರೇ" ಎಂದು ಬರೆದ ವರದಿಗಳು ನನಗೆ ಹಿಡಿಸಲಿಲ್ಲ. ಆದರೆ 300 ಜನ ಉಳಿದದ್ದು ಅದೃಷ್ಟದಿಂದ ಅಲ್ಲ. ಅಳತೆ ಮಾಡುವವರಿದ್ದರು, ಹೊರಡಿ ಅಂದಾಗ ಜನ ಹೊರಟರು. ತಲೆಮಾರುಗಳಿಂದ ಹಿಮಕುಸಿತ ನೋಡಿದ ಜನ ಅವರು. 1999ರ ಫೆಬ್ರವರಿಯಲ್ಲೂ ಹಿಮ ಬಿದ್ದು ಕಣಿವೆ ದಿನಗಟ್ಟಲೆ ಹೊರಜಗತ್ತಿನಿಂದ ಕಡಿದುಹೋಗಿತ್ತು.

ಇದಕ್ಕೆ ಹವಾಮಾನ ಬದಲಾವಣೆಯೇ ಕಾರಣವಾ?

ಒಂದೇ ಮಾತಿನಲ್ಲಿ ಹೌದು ಎನ್ನಲಾಗದು. ಎತ್ತರದ ಬಂಡೆಗಳ ಬಿರುಕುಗಳಲ್ಲಿ ವರ್ಷವಿಡೀ ಇರುವ ಮಂಜುಗಡ್ಡೆ ಅಂಟಿನ ಕೆಲಸ ಮಾಡುತ್ತದೆ. ಅದು ಕರಗಿದರೆ ಬಂಡೆ ಸಡಿಲ. ಇದು ಆಲ್ಪ್ಸ್ ಉದ್ದಕ್ಕೂ ಆಗುತ್ತಿದೆ. ಆದರೆ ಬೆಟ್ಟ ಬೀಳುವುದು ಹಿಂದೆಯೂ ಇತ್ತು. ಈ ಬಂಡೆಯ ಒಳರಚನೆಯೇ ದುರ್ಬಲ ಇರಬಹುದು. ಎರಡೂ ಸೇರಿವೆ ಎನ್ನುವುದು ಹೆಚ್ಚು ತಜ್ಞರ ಮಾತು.

ಊರನ್ನು ಮತ್ತೆ ಕಟ್ಟುತ್ತಾರಾ?

ಕಟ್ಟುತ್ತೇವೆ ಎಂದು ಕುಸಿತದ ದಿನವೇ ಪಂಚಾಯಿತಿ ಅಧ್ಯಕ್ಷ ಮಟ್ಟಿಯಾಸ್ ಬೆಲ್‌ವಾಲ್ಡ್ ಹೇಳಿಬಿಟ್ಟರು. ಊರು ಹೋಯಿತು, ಎದೆ ಹೋಗಿಲ್ಲ ಎಂಬ ಅರ್ಥದ ಮಾತಾಡಿದರು. ಕಟ್ಟಡಗಳ ವಿಮೆ ಹಣ, ಸರ್ಕಾರದ ನೆರವು, ದೇಶದ ಮೂಲೆಮೂಲೆಯಿಂದ ದೇಣಿಗೆ ಬಂತು. ಈ ದಶಕದ ಕೊನೆಯ ಹೊತ್ತಿಗೆ ಜನ ವಾಪಸ್ ಬರಬೇಕು ಎಂಬುದು ಲೆಕ್ಕ. ಅಷ್ಟರ ತನಕ ಬಹಳ ಮಂದಿ ಪಕ್ಕದ ಹಳ್ಳಿಗಳಲ್ಲಿ, ರೋನ್ ಕಣಿವೆಯಲ್ಲಿ ಬಾಡಿಗೆ ಮನೆಗಳಲ್ಲಿ.

ಇಷ್ಟೊಂದು ಹಣ ಸುರಿಯಬೇಕಾ ಎಂದು ನಗರದ ಪತ್ರಿಕೆಗಳಲ್ಲಿ ಚರ್ಚೆ ಆಯಿತು. ಲೆಕ್ಕದ ಪ್ರಶ್ನೆಯಾಗಿ ಅದು ತಪ್ಪಲ್ಲ. ಆದರೆ ಕೇಳಿದ ಹೊತ್ತು ಸರಿಯಿರಲಿಲ್ಲ. ಮನೆ ಹೋದ ವಾರದಲ್ಲೇ ಕೇಳುವ ಪ್ರಶ್ನೆಯಾ ಅದು?

ಈಗ ಅಲ್ಲಿಗೆ ಹೋಗಬಹುದಾ?

ಕಣಿವೆಗೆ ಹೋಗಬಹುದು. ಪ್ರವಾಸಿಗರು ಬರಬೇಕೆಂದೇ ಅವರ ಬಯಕೆ, ವೀಲರ್‌ನಿಂದ ಲೌಹರ್ನ್‌ಆಲ್ಪ್‌ಗೆ ಕೇಬಲ್ ಕಾರ್ ಇದೆ. ಬರ್ನ್ ಕಡೆಯಿಂದಾದರೆ ಹಳೇ ಸುರಂಗದ ರೈಲು ಹಿಡಿದು ಗೊಪ್ಪೆನ್‌ಸ್ಟೈನ್‌ನಲ್ಲಿ ಇಳಿಯಿರಿ, ಅಲ್ಲಿಂದ ಹಳದಿ ಬಣ್ಣದ ಅಂಚೆ ಬಸ್. ಹೊಸ ಸುರಂಗದ ವೇಗದ ರೈಲು ಹತ್ತಿದರೆ ಗೊಪ್ಪೆನ್‌ಸ್ಟೈನ್ ಸಿಗುವುದೇ ಇಲ್ಲ, ಕೆಳಗೆ ಫಿಸ್ಪ್‌ಗೆ ಹೋಗಿಬಿಡುತ್ತೀರಿ. ಬಸ್ ಎಲ್ಲಿಯ ತನಕ ಓಡುತ್ತದೆ, ಯಾವ ಕಾಲುದಾರಿ ಮುಚ್ಚಿದೆ ಎಂದು ಹೊರಡುವ ಮುಂಚೆ ನೋಡಿಕೊಳ್ಳಿ. ಕುಸಿದ ಜಾಗದಲ್ಲಿ ನಿರ್ಬಂಧ ಇದ್ದರೆ ಡ್ರೋನ್ ಹಾರಿಸಲು, ಬೇಲಿ ದಾಟಲು ಹೋಗಬೇಡಿ. ಚೆಗ್ಗೆಟ್ಟೆ ನೋಡುವ ಆಸೆಯಿದ್ದರೆ ಫೆಬ್ರವರಿಗೆ ಹೋಗಿ, ಕೊಠಡಿಯನ್ನು ಬೇಗ ಕಾದಿರಿಸಿ. ಒಳ್ಳೆಯ ಜಾಕೆಟ್ ಹಾಕಿಕೊಂಡು ಮುಂದಿನ ಸಾಲಿನಲ್ಲಿ ನಿಲ್ಲಬೇಡಿ. ಕತ್ತಿನೊಳಗೆ ಹಿಮ ತುರುಕುವಾಗ ಅವರು ಊರವರು, ಹೊರಗಿನವರು ಅಂತ ನೋಡುವುದಿಲ್ಲ.